ಟ್ರೈಪಾಡ್ ಯಾವುದರಲ್ಲಿ ಇಡೋದು, ಎಲ್ಲಿ ಇಡೋದು? ಕಲಬುರಗಿ ಬಿಸಿಲಿಗೆ, ಧೂಳಿಗೆ ಹೊಂದುವ ಆಯ್ಕೆಗಳು

ಕೆಲವು ವರ್ಷದ ಹಿಂದೆ, ಏಪ್ರಿಲ್ ತಿಂಗಳಲ್ಲಿ, ಸನ್ನತಿ ಹತ್ತಿರ ಭೀಮಾ ನದಿ ದಂಡೆಯಲ್ಲಿ ಬೆಳಗಿನ ಫೋಟೋ ತೆಗೆದು ಮನೆಗೆ ಬಂದೆ. ಟ್ರೈಪಾಡ್ ಮಡಚಿದೆ. ಅದರ ಜೊತೆ ಬಂದಿದ್ದ ಕಪ್ಪು ನೈಲಾನ್ ಚೀಲಕ್ಕೆ ಹಾಕಿ ಜಿಪ್ ಎಳೆದೆ. ಅಟ್ಟದ ಮೇಲೆ ಇಟ್ಟೆ. ಮತ್ತೆ ಇಳಿಸಿದ್ದು ಶ್ರಾವಣದಲ್ಲಿ.

ಮೂರು ಕಾಲಿನಲ್ಲಿ ಒಂದು ಹೊರಗೆ ಬರಲೇ ಇಲ್ಲ. ಇನ್ನೊಂದು ಬಂತು, ಆದರೆ ಜೋಳದ ಹಿಟ್ಟಿನಲ್ಲಿ ಕಲ್ಲು ಸಿಕ್ಕಿದ ಹಾಗೆ ಕರ್ ಕರ್ ಅಂದಿತು. ಕಾಲಿಗೆ ಸುತ್ತಿದ್ದ ಕಪ್ಪು ಫೋಮ್ ಚೀಲದ ಒಳಮೈಗೆ ಅಂಟಿಕೊಂಡಿತ್ತು. ಚೀಲದ ಒಳಗಿನ ಲೇಪ ಹಪ್ಪಳದ ಹಾಗೆ ಎದ್ದು ಟ್ರೈಪಾಡಿನ ಮೈಗೆಲ್ಲ ಮೆತ್ತಿತ್ತು. ಕ್ಯಾಮೆರಾ ಕೂರುವ ಹೆಡ್‌ನಲ್ಲಿದ್ದ ರಸಮಟ್ಟದ ಗುಳ್ಳೆ ದೊಡ್ಡದಾಗಿ, ಒಳಗಿನ ದ್ರವ ಅರ್ಧಕ್ಕೆ ಇಳಿದಿತ್ತು. ನಾಲ್ಕು ತಿಂಗಳು ಅದನ್ನು ಯಾರೂ ಮುಟ್ಟಿರಲಿಲ್ಲ. ಸುಮ್ನೆ ಇಟ್ಟಲ್ಲೇ ಇಷ್ಟೆಲ್ಲ ಆಗಿತ್ತು.

ಆವತ್ತಿನಿಂದ ಚೀಲ, ಪೈಪು, ಟ್ರಂಕು, ಗೂಟ ಅಂತ ಒಂದೊಂದನ್ನೇ ಬಳಸಿ ನೋಡಿದ್ದೇನೆ. ಕಲಬುರಗಿ, ಬೀದರ್, ಯಾದಗಿರಿ ಕಡೆ ಫೋಟೋ ತೆಗೆಯುವವರಿಗೆ, ಮದುವೆ ವಿಡಿಯೋ ಮಾಡುವವರಿಗೆ, ಮೊದಲ ಟ್ರೈಪಾಡ್ ಕೊಂಡ ವಿದ್ಯಾರ್ಥಿಗಳಿಗೆ ಉಪಯೋಗ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಕಡೆ ಶತ್ರು ಯಾರು?

ಟ್ರೈಪಾಡ್ ಕಾಪಾಡುವ ಸಲಹೆಗಳಲ್ಲಿ ಹೆಚ್ಚಿನವು ಸಮುದ್ರದ ಉಪ್ಪು, ತೇವ, ತುಕ್ಕು ಇವುಗಳ ಸುತ್ತ ಇರುತ್ತವೆ. ಕರಾವಳಿಯವರಿಗೆ ಅದು ಸರಿ. ನಮಗೆ ಏಪ್ರಿಲ್, ಮೇನಲ್ಲಿ 42, 43 ಡಿಗ್ರಿ ಬಿಸಿಲು. ವರ್ಷದ ಬಹುಭಾಗ ಒಣ ಗಾಳಿ. ಧೂಳಿನಲ್ಲೂ ಒಂದೇ ಜಾತಿ ಇಲ್ಲ.

ಕಲಬುರಗಿಯ ಎರೆಮಣ್ಣು ಒಣಗಿದಾಗ ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣುಪು. ಎಲ್ಲಿ ಕೂದಲೆಳೆಯಷ್ಟು ಸಂದಿ ಇದೆಯೋ ಅಲ್ಲಿ ನುಗ್ಗುತ್ತದೆ. ಹಸಿಯಾದಾಗ ಕಾಲಿಗೆ ಮೆತ್ತಿಕೊಂಡು, ಆಮೇಲೆ ಒಣಗಿ ಕಲ್ಲಾಗುತ್ತದೆ. ಯಾದಗಿರಿ ಕಡೆ ಭೀಮಾ, ಕೃಷ್ಣಾ ದಂಡೆಯ ಮರಳು ಬೇರೆ ತರಹ. ಕಾಳು ದಪ್ಪ, ಆದರೆ ಅಲ್ಯೂಮಿನಿಯಂಗಿಂತ ಗಟ್ಟಿ. ಎಳೆದ ಕಾಲನ್ನು ಬಿಗಿದು ಹಿಡಿಯುವ ಲಾಕಿನ ತಿರುಪಿನಲ್ಲಿ ಒಂದೇ ಒಂದು ಕಾಳು ಸಿಕ್ಕಿದರೂ ಗೀರು ಬೀಳುತ್ತದೆ. ಬೀದರಿನ ಕೆಂಪು ಜಂಬಿಟ್ಟಿಗೆ ಮಣ್ಣು ಬಟ್ಟೆಗೂ ರಬ್ಬರಿಗೂ ಬಣ್ಣ ಹಿಡಿಸುತ್ತದೆ.

ಶಹಾಬಾದ್ ಕಲ್ಲಿನ ಗಣಿಗಳ ಕಡೆ, ವಾಡಿ, ಸೇಡಂನ ಸಿಮೆಂಟ್ ಕಾರ್ಖಾನೆಗಳ ಕಡೆ ಕೆಲಸ ಮಾಡಿ ಬಂದರೆ ಮಾತ್ರ ಹೆಚ್ಚು ಹುಷಾರಾಗಿರಿ. ಸಿಮೆಂಟ್ ಪುಡಿ ಒಣಗಿದ್ದಾಗ ಸುಮ್ಮನಿರುತ್ತದೆ. ನೀರು ತಾಗಿದರೆ ಕ್ಷಾರವಾಗಿ ಅಲ್ಯೂಮಿನಿಯಂ ಮೈಯನ್ನು ತಿನ್ನುತ್ತದೆ. ಹಾಗಾಗಿ ಅಲ್ಲಿಂದ ಬಂದ ಟ್ರೈಪಾಡನ್ನು ಮೊದಲೇ ಒದ್ದೆ ಬಟ್ಟೆಯಿಂದ ಒರೆಸಬೇಡಿ. ಒಣ ಬ್ರಷ್‌ನಿಂದ ಪೂರ್ತಿ ಝಾಡಿಸಿ, ಆಮೇಲೆ ಒದ್ದೆ ಬಟ್ಟೆ, ಕೂಡಲೇ ಒಣ ಬಟ್ಟೆ. ಮಣ್ಣು ಲೋಹದ ಮೇಲೆ ಕೆಲಸ ಮಾಡುತ್ತದೆ ಅನ್ನೋದನ್ನು ಬೀದರಿನವರಿಗೆ ಹೇಳಿಕೊಡಬೇಕಿಲ್ಲ. ಬಿದ್ರಿ ಕೆಲಸದಲ್ಲಿ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಸತುವಿನ ಪಾತ್ರೆಗೆ ಹಚ್ಚಿದಾಗ ಪಾತ್ರೆ ಕಪ್ಪಾಗುವುದು, ಬೆಳ್ಳಿ ಮಾತ್ರ ಹೊಳೆಯುತ್ತ ಉಳಿಯುವುದು ಅವರು ದಿನಾ ನೋಡುವ ಸಂಗತಿ.

ಇದೆಲ್ಲದರ ಮೇಲೆ ತೊಗರಿ ರಾಶಿಯ ಹೊಟ್ಟು, ದಾಲ್ ಮಿಲ್ಲುಗಳ ಪುಡಿ. ಮಳೆಗಾಲದಲ್ಲಿ ಒಂದೆರಡು ತಿಂಗಳು ತೇವ. ಹಳ್ಳಿ ಮನೆಗಳಲ್ಲಿ ಇಲಿ. ಇವಿಷ್ಟನ್ನೂ ನೆನಪಿಟ್ಟುಕೊಂಡು ಆಯ್ಕೆ ಮಾಡಬೇಕು.

ಚೀಲಕ್ಕಿಂತ ಮೊದಲು ಹತ್ತು ನಿಮಿಷ

ಧೂಳನ್ನು ಒಳಗೇ ಬಿಟ್ಟು ಮುಚ್ಚಿಟ್ಟರೆ ಎಂಥ ದುಬಾರಿ ಚೀಲವೂ ಪ್ರಯೋಜನಕ್ಕೆ ಬರುವುದಿಲ್ಲ. ಅದಕ್ಕೇ ಇದನ್ನು ಮೊದಲು ಹೇಳುತ್ತಿದ್ದೇನೆ.

ಮನೆಗೆ ಬಂದ ಮೇಲೆ ಕಾಲುಗಳನ್ನು ಪೂರ್ತಿ ಹೊರಗೆ ಎಳೆಯಿರಿ. ಹೊರಗೆ ಇದ್ದಾಗಲೇ ಒರೆಸಬೇಕು, ಮಡಚಿದ ಮೇಲೆ ಒರೆಸಿದರೆ ಧೂಳು ಒಳಗೇ ಉಳಿಯುತ್ತದೆ. ಮೇಲಿನಿಂದ ಕೆಳಕ್ಕೆ ಒಣ ಬಟ್ಟೆ ಎಳೆಯಿರಿ. ಲಾಕುಗಳ ಸುತ್ತ ಹಳೆಯ ಹಲ್ಲುಜ್ಜುವ ಬ್ರಷ್ ಆಡಿಸಿ. ಕೊನೆಗೆ ರಬ್ಬರ್ ಪಾದದ ಅಡಿ. ಅಲ್ಲಿ ಎರೆಮಣ್ಣು ಕಲ್ಲಾಗಿ ಕೂತಿದ್ದರೆ ಒದ್ದೆ ಬಟ್ಟೆ ಸುತ್ತಿ ಹತ್ತು ನಿಮಿಷ ಬಿಡಿ, ತಾನೇ ಬಿಡುತ್ತದೆ. ಚಾಕು ಹಾಕಿ ಕೆತ್ತಬೇಡಿ.

ಪಂಚರ್ ಅಂಗಡಿಗೆ ಒಯ್ದು ಗಾಳಿ ಹೊಡೆಸುವ ಆಸೆ ಆಗುತ್ತದೆ, ನನಗೂ ಆಗಿತ್ತು. ಬೇಡ. ಆ ರಭಸಕ್ಕೆ ಹೊರಗಿನ ಧೂಳು ಲಾಕಿನ ಒಳಗೆ ಹೋಗಿ ಕೂರುತ್ತದೆ. ಕಂಪ್ರೆಸರ್ ಗಾಳಿಯಲ್ಲಿ ನೀರಿನ ಹನಿಯೂ ಇರುತ್ತದೆ.

ಕಾಲು ಕರ್ ಕರ್ ಅಂದರೆ ಒಳಗೆ ಮರಳು ಹೋಗಿದೆ ಅಂತಲೇ ಅರ್ಥ. ತಿರುಗಿಸುವ ಲಾಕ್ ಇದ್ದರೆ ಪೂರ್ತಿ ಬಿಚ್ಚಿ ಕೆಳಗಿನ ಕೊಳವೆಯನ್ನು ಹೊರಗೆ ಎಳೆಯಿರಿ. ಕೊಳವೆಯ ತುದಿಯಲ್ಲಿ ಎರಡು ಮೂರು ಪ್ಲಾಸ್ಟಿಕ್ ಚಿಪ್ಪುಗಳು ಕೂತಿರುತ್ತವೆ. ಅವು ಉದುರುತ್ತವೆ, ಹಾಗಾಗಿ ಬಿಳಿ ಬಟ್ಟೆ ಹಾಸಿಕೊಂಡೇ ಬಿಚ್ಚಿ. ಯಾವ ಚಿಪ್ಪು ಎಲ್ಲಿತ್ತು, ಯಾವ ಕಡೆ ಮುಖ ಮಾಡಿತ್ತು ಅಂತ ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಒಂದು ಸಲಕ್ಕೆ ಒಂದೇ ಕಾಲು. ತಿರುಪಿನ ಹಳೆಯ ಗ್ರೀಸ್ ಬೂದು ಬಣ್ಣಕ್ಕೆ ತಿರುಗಿ, ಬೆರಳಲ್ಲಿ ಉಜ್ಜಿದರೆ ಹರಳು ಹರಳಾಗಿ ಸಿಗುತ್ತದೆ. ಅದನ್ನು ಪೂರ್ತಿ ಒರೆಸಿ ತೆಗೆದು, ತಿರುಪಿಗೆ ಮಾತ್ರ ಹೊಸ ಗ್ರೀಸ್ ತೆಳುವಾಗಿ ಸವರಿ. ಕೊಳವೆಯ ಮೈಗೆ ಏನನ್ನೂ ಹಚ್ಚಬೇಡಿ. ಹೊಲಿಗೆ ಮಷೀನ್ ಎಣ್ಣೆ, ಕೊಬ್ಬರಿ ಎಣ್ಣೆ, ಸ್ಪ್ರೇ ಎಣ್ಣೆ ಯಾವುದೂ ಬೇಡ. ಮೊದಲ ದಿನ ಬೆಣ್ಣೆಯ ಹಾಗೆ ಜಾರುತ್ತದೆ, ಎಂಟು ದಿನಕ್ಕೆ ಧೂಳನ್ನೆಲ್ಲ ಹಿಡಿದುಕೊಂಡು ಕೆಸರಾಗುತ್ತದೆ.

ಬೆರಳಿನಿಂದ ಎತ್ತಿ ಒತ್ತುವ ಕ್ಲಿಪ್ ಲಾಕ್ ಇರುವವರಿಗೆ ಈ ಕಷ್ಟ ಕಡಿಮೆ. ಧೂಳು ಕಣ್ಣಿಗೆ ಕಾಣುತ್ತದೆ, ಬ್ರಷ್ ಆಡಿಸಿದರೆ ಹೋಗುತ್ತದೆ. ಹೊಸದಾಗಿ ಟ್ರೈಪಾಡ್ ಕೊಳ್ಳುವವರು ಯಾರಾದರೂ ಕೇಳಿದರೆ, ನದಿ ದಂಡೆ, ಹೊಲ, ಜಾತ್ರೆ ಅಂತ ಓಡಾಡುವವರಾಗಿದ್ದರೆ ಕ್ಲಿಪ್ ಲಾಕಿನದ್ದೇ ತಗೊಳ್ಳಿ ಅನ್ನುತ್ತೇನೆ.

ಜಾತ್ರೆ ಅಂದಾಗ ಒಂದು ಮಾತು. ಶರಣಬಸವೇಶ್ವರ ಜಾತ್ರೆಯಲ್ಲಿ ತೇರಿಗೆ ಎಸೆದ ಬಾಳೆಹಣ್ಣು, ಉತ್ತತ್ತಿ ನಮ್ಮ ಕಾಲ ಬುಡಕ್ಕೂ ಬೀಳುತ್ತವೆ. ಒಂದು ಸಲ ಟ್ರೈಪಾಡಿನ ಪಾದಕ್ಕೆ ಬಾಳೆಹಣ್ಣು ಮೆತ್ತಿದ್ದನ್ನು ನೋಡದೆ ಚೀಲಕ್ಕೆ ಹಾಕಿದ್ದೆ. ಮೂರು ದಿನಕ್ಕೆ ಚೀಲದ ಜಿಪ್‌ನಿಂದ ಕೆಂಪಿರುವೆಗಳ ಸಾಲು. ಲಾಕಿನ ಒಳಗೆಲ್ಲ ಇರುವೆ. ಸಿಹಿ ತಾಗಿದ್ದರೆ ಅವತ್ತೇ ಒದ್ದೆ ಬಟ್ಟೆಯಲ್ಲಿ ಒರೆಸಿಬಿಡಿ.

ಯಾವುದರಲ್ಲಿ ಇಡೋದು?

*ಕಂಪನಿ ಕೊಟ್ಟ ನೈಲಾನ್ ಚೀಲ.* ಬಹಳ ಜನರ ಹತ್ತಿರ ಇರುವುದು ಇದೇ. ಒಯ್ಯಲು ಹಗುರ, ಹೆಗಲಿಗೆ ಹಾಕಬಹುದು, ಹೊರಗಿನ ಧೂಳು ತಡೆಯುತ್ತದೆ. ತಿಂಗಳಿಗೆ ಎರಡು ಮೂರು ಸಲ ಟ್ರೈಪಾಡ್ ಹೊರಗೆ ತೆಗೆಯುವವರಿಗೆ ಇದೇ ಸಾಕು. ತಿಂಗಳುಗಟ್ಟಲೆ ಇಡುವುದಕ್ಕೆ ಮಾತ್ರ ಇದು ಸರಿಯಲ್ಲ. ಇಂಥ ಎಷ್ಟೋ ಚೀಲಗಳ ಒಳಗೆ ನೀರು ತಡೆಯುವ ತೆಳು ಲೇಪ ಇರುತ್ತದೆ. ಕಾವು, ತೇವ ಎರಡೂ ಸೇರಿದಾಗ ಆ ಲೇಪ ಅಂಟಂಟಾಗಿ ಎದ್ದು ಬರುತ್ತದೆ. ಚೀಲದೊಳಗೆ ಕೈ ಹಾಕಿ ಉಜ್ಜಿ ನೋಡಿ. ಬೆರಳಿಗೆ ಅಂಟಿದರೆ, ಕಪ್ಪು ಪುಡಿ ಬಂದರೆ, ಆ ಚೀಲ ಬದಲಾಯಿಸುವ ಕಾಲ ಬಂದಿದೆ.

*ದಪ್ಪ ಪ್ಯಾಡ್ ಇರುವ ಚೀಲ.* ಮದುವೆ ಕೆಲಸ ಮಾಡುವವರಿಗೆ ಇದು ಬೇಕೇ ಬೇಕು. ಒಂದೇ ಗಾಡಿಯಲ್ಲಿ ಲೈಟು, ಸ್ಟ್ಯಾಂಡು, ಬ್ಯಾಟರಿ, ಕೇಬಲ್ ಎಲ್ಲಾ ಒಂದರ ಮೇಲೊಂದು ಹೇರಿ ಆಳಂದಕ್ಕೋ ಹುಮನಾಬಾದಿಗೋ ಹೋಗುತ್ತೀರಿ. ದಾರಿಯ ಗುಂಡಿಗೆ ಲೈಟ್ ಸ್ಟ್ಯಾಂಡ್ ಎಗರಿ ಟ್ರೈಪಾಡಿನ ಮೇಲೆ ಬೀಳುತ್ತದೆ. ಅಲ್ಯೂಮಿನಿಯಂ ಕೊಳವೆ ಆಗಿದ್ದರೆ ನೆಗ್ಗುತ್ತದೆ. ಸಣ್ಣ ನೆಗ್ಗು ಬಿದ್ದರೂ ಕಾಲು ಒಳಗೆ ಹೊರಗೆ ಜಾರುವುದಿಲ್ಲ. ಕಾರ್ಬನ್ ಫೈಬರ್ ಆಗಿದ್ದರೆ ನೆಗ್ಗುವುದಿಲ್ಲ, ನೇರ ಬಿರುಕು ಬಿಡುತ್ತದೆ. ಹಾಗಾಗಿ ಪ್ರಯಾಣಕ್ಕೆ ಪ್ಯಾಡ್ ಚೀಲವೇ ಸರಿ. ಮನೆಯಲ್ಲಿ ಇಡುವಾಗ ಅದರ ಜಿಪ್ ನಾಲ್ಕು ಬೆರಳು ತೆರೆದಿಡಿ. ದಪ್ಪ ಫೋಮ್ ಮಳೆಗಾಲದ ತೇವವನ್ನು ಹೀರಿಕೊಂಡು ಬೇಗ ಬಿಟ್ಟುಕೊಡುವುದಿಲ್ಲ. ತಿಂಗಳಿಗೊಮ್ಮೆ ಟ್ರೈಪಾಡ್ ತೆಗೆದು, ಖಾಲಿ ಚೀಲವನ್ನು ನೆರಳಲ್ಲಿ ಗಾಳಿಗೆ ಹಾಕಿ.

*ಪೈಪು.* ಇದು ಪ್ಲಂಬರ್ ಅಂಗಡಿಯ ಆಯ್ಕೆ. ಪಿವಿಸಿ ಪೈಪಿನ ತುಂಡು, ಎರಡು ಕಡೆ ಮುಚ್ಚಳ, ಹೊರಲು ಒಂದು ಹಗ್ಗ. ಬಸ್ಸಿನಲ್ಲಿ, ಬೈಕಿನಲ್ಲಿ ಹೋಗುವವರಿಗೆ ಇದರಷ್ಟು ಗಟ್ಟಿ ರಕ್ಷಣೆ ಇಷ್ಟು ಕಡಿಮೆ ಖರ್ಚಿನಲ್ಲಿ ಬೇರೆ ಎಲ್ಲೂ ಸಿಗುವುದಿಲ್ಲ. ಮೇಲೆ ಚೀಲ ಹೇರಿದರೂ ಪೆಟ್ಟಾಗುವುದಿಲ್ಲ, ಇಲಿಗೂ ಸುಲಭದ ತುತ್ತಲ್ಲ. ಕೊಳ್ಳುವಾಗ ಟ್ರೈಪಾಡನ್ನೇ ಅಂಗಡಿಗೆ ಒಯ್ಯಿರಿ. 110 ಮಿಲಿಮೀಟರ್ ಪೈಪು ಅಂದರೆ ಅದು ಹೊರಗಿನ ಅಳತೆ, ಒಳಗಿನ ಜಾಗ ಅದಕ್ಕಿಂತ ಕಡಿಮೆ. ಕಾಲುಗಳು ಹಿಡಿಸುತ್ತವೆ, ಹೆಡ್‌ನ ತಿರುಪುಗಳು ಸಿಕ್ಕಿಹಾಕಿಕೊಳ್ಳುತ್ತವೆ. ಹೆಡ್ ಬಿಚ್ಚಿ ಬೇರೆ ಇಡಬೇಕು, ಇಲ್ಲಾ 160ರ ಪೈಪು ತಗೋಬೇಕು. ತಳಕ್ಕೆ ಒಂದು ಬಟ್ಟೆ ಉಂಡೆ ತುರುಕಿ, ಇಲ್ಲದಿದ್ದರೆ ಒಳಗೆ ಟ್ರೈಪಾಡ್ ಗಡಗಡ ಅನ್ನುತ್ತದೆ.

ಪೈಪಿನ ತೊಂದರೆ ಒಂದೇ, ಅದು ಉಸಿರಾಡುವುದಿಲ್ಲ. ಸ್ವಲ್ಪ ತೇವ ಇದ್ದ ಟ್ರೈಪಾಡ್ ಹಾಕಿ ಮುಚ್ಚಿದರೆ ಆ ತೇವ ಅಲ್ಲೇ ಕುಳಿತು ಸ್ಕ್ರೂಗಳಿಗೆ ತುಕ್ಕು ತರುತ್ತದೆ. ಮನೆಯಲ್ಲಿ ಇಡುವಾಗ ಒಂದು ಮುಚ್ಚಳ ತೆಗೆದು ಬಾಯಿಗೆ ತೆಳು ಬಟ್ಟೆ ಕಟ್ಟಿ. ಮಳೆಗಾಲದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕುವುದಾದರೆ ಇಲ್ಲಿ ಹಾಕಿ. ಉಳಿದ ಯಾವ ಆಯ್ಕೆಯಲ್ಲೂ ಟ್ರೈಪಾಡಿಗೆ ಅದು ಬೇಕಾಗಿಲ್ಲ, ಲೆನ್ಸ್ ಡಬ್ಬಿಗೇ ಉಳಿಸಿಕೊಳ್ಳಿ.

*ಕೌದಿ ಚೀಲ.* ನನ್ನ ಮನಸ್ಸಿಗೆ ಹತ್ತಿರದ್ದು ಇದು. ಹಾಳಾದ ನೈಲಾನ್ ಚೀಲ ಹಿಡಿದು ನಾನು ಕೂತಿದ್ದಾಗ ಅವ್ವ ನೋಡಿದಳು. "ಇದಕ್ಯಾಕ ಇಷ್ಟು ಚಿಂತಿ ಮಾಡ್ತಿ? ಕೂಸಿಗಿ ಹೊಲದಂಗ ಒಂದು ಹೊಲದು ಕೊಡ್ತೀನಿ ತಾ" ಅಂದಳು. ಹಳೆಯ ಎರಡು ಕಾಟನ್ ಸೀರೆ, ಅಪ್ಪನ ಒಂದು ಧೋತರ. ನಾಲ್ಕು ಪದರ ಹಾಕಿ, ಕೌದಿಗೆ ಹಾಕುವ ಹಾಗೆಯೇ ಉದ್ದಕ್ಕೆ ಸಾಲು ಹೊಲಿಗೆ ಹಾಕಿದಳು. ಬಾಯಿಗೆ ಲಾಡಿ ಪೋಣಿಸಿದಳು. ಮಡಚಿದ ಟ್ರೈಪಾಡಿಗಿಂತ ಒಂದು ಗೇಣು ಉದ್ದ ಬಿಟ್ಟಿದ್ದಳು. ಆ ಗೇಣನ್ನು ಹೆಡ್‌ನ ಮೇಲೆ ಮಡಚಿ ಲಾಡಿ ಎಳೆದರೆ ತಲೆಗೂ ಒಂದು ದಿಂಬು ಆಗುತ್ತದೆ.

ಇದರಲ್ಲಿ ಏನು ಚೆಂದ ಅಂದರೆ, ಕಾಟನ್ ಬಟ್ಟೆ ಗಾಳಿಯಾಡುತ್ತದೆ, ತೇವವನ್ನು ಒಳಗೆ ಕೂಡಿಹಾಕುವುದಿಲ್ಲ. ನಾಲ್ಕು ಪದರ ಇರುವುದರಿಂದ ಧೂಳು ಒಳಗಿನ ತನಕ ಹೋಗುವುದು ಕಡಿಮೆ. ಒಳಗೆ ಲೇಪ ಇಲ್ಲ, ಫೋಮ್ ಇಲ್ಲ, ಅಂಟುವಂಥದ್ದು ಏನೂ ಇಲ್ಲ. ಕೊಳೆಯಾದರೆ ಒಗೆದು ಬಿಸಿಲಿಗೆ ಹಾಕಿದರೆ ನಮ್ಮ ಬಿಸಿಲಿಗೆ ಎರಡು ತಾಸಿನಲ್ಲಿ ಗರಿಗರಿ. ಕೊರತೆಯೂ ಇದೆ. ಜೋರಾದ ಪೆಟ್ಟು ತಡೆಯುವುದಿಲ್ಲ, ಮಳೆಗೆ ನೆನೆಯುತ್ತದೆ, ಇಲಿಗೆ ಬಟ್ಟೆ ಅಂದರೆ ಹಬ್ಬ. ಆದ್ದರಿಂದ ಇದು ಮನೆಯೊಳಗೆ, ಎತ್ತರದಲ್ಲಿ ತೂಗುಹಾಕುವವರಿಗೆ ಹೇಳಿದ ಚೀಲ. ಪ್ರಯಾಣಕ್ಕೆ ಬೇರೆ ಬೇಕು.

*ಕಬ್ಬಿಣದ ಟ್ರಂಕು.* ವರ್ಷದಲ್ಲಿ ಒಂದೆರಡು ಸಲ ಮಾತ್ರ ಬಳಸುವವರಿಗೆ, ಇಲಿ ಕಾಟ ಇರುವ ಮನೆಗೆ ಟ್ರಂಕು ಒಳ್ಳೆಯದು. ಆದರೆ ಬರಿಗಾಲಲ್ಲಿ ಇಡಬೇಡಿ, ಅಂದರೆ ಸುಮ್ನೆ ಲೋಹದ ಮೇಲೆ ಲೋಹ ಒರಗಿಸಬೇಡಿ. ಬಟ್ಟೆ ಚೀಲದಲ್ಲಿ ಹಾಕಿಯೇ ಇಡಿ, ಮೇಲೆ ಏನೂ ಹೇರಬೇಡಿ. ಬಟ್ಟೆಗೆ ಹಾಕುವ ನುಸಿ ಗುಳಿಗೆಯನ್ನು ಟ್ರೈಪಾಡಿನ ಜೊತೆ ಹಾಕಬೇಡಿ, ಅದರ ಆವಿ ಕೆಲವು ಪ್ಲಾಸ್ಟಿಕ್ಕಿಗೆ ಒಗ್ಗುವುದಿಲ್ಲ. ಜೋಳದ ಚೀಲಕ್ಕೆ ಹಾಕುವ ಹಾಗೆ ಒಣ ಬೇವಿನ ಎಲೆ ಒಂದು ಹಿಡಿ ಹಾಕಿದರೆ ಸಾಕು.

ಎಲ್ಲಿ ಇಡೋದು?

ಚೀಲಕ್ಕಿಂತ ಜಾಗ ಮುಖ್ಯ. ಸಾಧಾರಣ ಚೀಲ ಒಳ್ಳೆಯ ಜಾಗದಲ್ಲಿದ್ದರೆ ಟ್ರೈಪಾಡ್ ಹತ್ತು ವರ್ಷ ಬರುತ್ತದೆ. ದುಬಾರಿ ಚೀಲ ಕೆಟ್ಟ ಜಾಗದಲ್ಲಿದ್ದರೆ ಒಂದೇ ಬೇಸಿಗೆಗೆ ಮುಗಿಯುತ್ತದೆ.

ಎಲ್ಲಕ್ಕಿಂತ ಕೆಟ್ಟ ಜಾಗ ಕಾರಿನ ಡಿಕ್ಕಿ. "ಯಾವಾಗ ಬೇಕಾಗ್ತದೋ ಏನೋ, ಗಾಡ್ಯಾಗೇ ಇರ್ಲಿ ಬಿಡ್ರಿ ಅಣ್ಣಾ" ಅಂತ ಗೆಳೆಯರು ಹೇಳುತ್ತಾರೆ. ಅವರ ಕಷ್ಟ ನನಗೆ ಗೊತ್ತು. ಬೆಳಿಗ್ಗೆ ಐದಕ್ಕೆ ಎದ್ದು ಬೀದರಿಗೆ ಹೊರಡುವಾಗ ಏನಾದರೂ ಮರೆತುಹೋಗುತ್ತದೆ. ಆದರೆ ಮೇ ತಿಂಗಳ ಮಧ್ಯಾಹ್ನ ಬಿಸಿಲಲ್ಲಿ ನಿಂತ, ಕಿಟಕಿ ಮುಚ್ಚಿದ ಕಾರಿನ ಒಳಗೆ ಕಾವು 60 ಡಿಗ್ರಿ ದಾಟುತ್ತದೆ. ಟ್ರೈಪಾಡಿನಲ್ಲಿ ಕೊಳವೆಯನ್ನೂ ಲೋಹದ ತುಂಡುಗಳನ್ನೂ ಎಷ್ಟೋ ಕಡೆ ಅಂಟು ಹಿಡಿದಿರುತ್ತದೆ. ಕಾರ್ಬನ್ ಫೈಬರ್‌ನಲ್ಲಿ ಇದು ಇನ್ನೂ ಜಾಸ್ತಿ. ದಿನಾ ಕಾದು, ದಿನಾ ತಣ್ಣಗಾಗಿ ಆ ಅಂಟು ಸಡಿಲ ಆಗಬಹುದು. ಕಾಲು ಎಳೆದಾಗ ಕೊಳವೆಯೇ ಕೈಗೆ ಬಂದರೆ ಆಶ್ಚರ್ಯ ಬೇಡ. ಗ್ರೀಸ್ ಕರಗಿ ಕೆಳಗಿಳಿಯುತ್ತದೆ. ರಬ್ಬರ್ ಮೆತ್ತಗಾಗುತ್ತದೆ. ರಸಮಟ್ಟ ಸೋರುತ್ತದೆ. ಕೆಲಸಕ್ಕೆ ಹೋದ ದಿನ ಮಾತ್ರ ಡಿಕ್ಕಿ, ಸಂಜೆಗೆ ಮನೆಯೊಳಗೆ. ಇದೊಂದು ರೂಢಿ ಮಾಡಿಕೊಳ್ಳಿ ಅಂತ ಎಲ್ಲರನ್ನೂ ಕೇಳಿಕೊಳ್ಳುತ್ತೇನೆ.

ಎರಡನೆಯ ಕೆಟ್ಟ ಜಾಗ ನಾನು ಇಟ್ಟ ಜಾಗವೇ, ಅಟ್ಟ. ಸ್ಲ್ಯಾಬ್ ಕೆಳಗಿನ ಅಟ್ಟಕ್ಕೆ ಬೇಸಿಗೆಯ ರಾತ್ರಿ ಹನ್ನೊಂದಕ್ಕೆ ಕೈಯಿಟ್ಟು ನೋಡಿ, ಗೋಡೆ ಇನ್ನೂ ಬೆಚ್ಚಗಿರುತ್ತದೆ. ತಗಡಿನ ಮನೆ ಆದರಂತೂ ಕೇಳುವುದೇ ಬೇಡ. ಇನ್ನೊಂದು ತೊಂದರೆ, ಅಟ್ಟಕ್ಕೆ ಹೋದದ್ದನ್ನು ನಾವು ಮರೆಯುತ್ತೇವೆ. ಹಳೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಕಾವು ಕಡಿಮೆ, ಆದರೆ ಮೇಲಿನಿಂದ ಮಣ್ಣು ಉದುರುತ್ತಲೇ ಇರುತ್ತದೆ. ಅಲ್ಲಿ ಜಂತಿಯ ಕೆಳಗೆ ತೂಗುಹಾಕುವುದಾದರೆ ಚೀಲದ ಬಾಯಿ ಬಿಗಿಯಾಗಿ ಕಟ್ಟಿ.

ಮೂಲೆಯಲ್ಲಿ ನಿಲ್ಲಿಸುವುದು ಬಹಳ ಜನರ ಪದ್ಧತಿ. ಕಣ್ಣೆದುರಿಗೆ ಇರುತ್ತದೆ, ತಗೊಂಡು ಹೋಗಲು ಸುಲಭ. ಆದರೆ ನಮ್ಮ ಮನೆಗಳ ನೆಲ ಶಹಾಬಾದ್ ಕಲ್ಲು. ಕಸ ಗುಡಿಸುವಾಗ ಪೊರಕೆ ತಾಗಿತು, ಮಗು ಎಳೆಯಿತು ಅಂದರೆ ಟ್ರೈಪಾಡ್ ಬೀಳುವುದು ಹೆಡ್‌ನ ಮೇಲೆ. ಕಲ್ಲಿಗೆ ಬಡಿದ ಹಿಡಿ ಉಳಿಯುವುದಿಲ್ಲ. ನೆಲ ಒರೆಸಿದ ನೀರು ಪಾದದ ಕೆಳಗೆ ನಿಲ್ಲುವುದೂ ಉಂಟು. ಮೂಲೆಯೇ ಬೇಕು ಅನ್ನುವವರು ಬೀರುವಿನ ಪಕ್ಕದ ಇಕ್ಕಟ್ಟು ಸಂದಿ ಹುಡುಕಿ, ಕೆಳಗೆ ಒಂದು ಹಲಗೆ ತುಂಡು ಹಾಕಿ, ಲಾಡಿಯಿಂದ ಗೋಡೆಯ ಮೊಳೆಗೆ ಕಟ್ಟಿಬಿಡಿ.

ಮಂಚದ ಕೆಳಗೆ ಮಲಗಿಸಿ ಇಡಬಹುದು. ತಂಪು, ಕತ್ತಲು, ಬೀಳುವ ಭಯ ಇಲ್ಲ. ಇಲಿ, ಕಸ, ಒದ್ದೆ ನೆಲ ಇವು ಮೂರೂ ಇಲ್ಲದ ಮನೆಗೆ ಇದು ಒಳ್ಳೆಯ ಆಯ್ಕೆ. ಪೈಪಿನಲ್ಲಿ ಇಡುವವರಿಗೆ ಇನ್ನೂ ಒಳ್ಳೆಯದು. ಬೀರುವಿನಲ್ಲಿ ಜಾಗ ಇದ್ದರಂತೂ ಬೇರೆ ಯೋಚನೆ ಬೇಡ, ಬಟ್ಟೆಗಳ ಹಿಂದೆ ಮಲಗಿಸಿ.

ನಾನು ಬಂದು ನಿಂತದ್ದು ಗೋಡೆಯ ಗೂಟಕ್ಕೆ. ಹಿಂದೆ ನಮ್ಮ ಮನೆಗಳಲ್ಲಿ ಬಾರುಕೋಲು, ಹಗ್ಗ, ಕೊಡೆ ಎಲ್ಲಾ ಗೂಟಕ್ಕೇ ಇರುತ್ತಿದ್ದವು. ಎರಡು ಗೂಟ, ನಡುವೆ ಒಂದು ಗೇಣು ಅಂತರ, ತಲೆಗಿಂತ ಎತ್ತರ. ಕೌದಿ ಚೀಲದ ಎರಡು ಪಟ್ಟಿ ಎರಡಕ್ಕೂ ಹಾಕುತ್ತೇನೆ. ಟ್ರೈಪಾಡ್ ಅಡ್ಡಲಾಗಿ ತೂಗುತ್ತದೆ, ಯಾವ ಒಂದು ಭಾಗದ ಮೇಲೂ ಭಾರ ಬೀಳುವುದಿಲ್ಲ. ಗೋಡೆ ಆರಿಸುವಾಗ ಎಚ್ಚರ. ಪಶ್ಚಿಮದ ಗೋಡೆ ಬೇಡ, ಮಧ್ಯಾಹ್ನದ ಬಿಸಿಲು ಪೂರ್ತಿ ಅದರ ಮೇಲೆ. ಅಡುಗೆಮನೆ ಗೋಡೆ ಬೇಡ, ಒಗ್ಗರಣೆಯ ಎಣ್ಣೆ ಹೊಗೆ ಬಟ್ಟೆಗೆ ಕೂತು ಧೂಳು ಹಿಡಿಯುತ್ತದೆ. ಎರಡು ಕೋಣೆಗಳ ನಡುವಿನ ಒಳಗೋಡೆ ಎಲ್ಲಕ್ಕಿಂತ ತಂಪು. ಕೊಕ್ಕೆಗೆ ಹಾಕುವಾಗ ಚೀಲವನ್ನು ಹಾಕಿ. ಹೆಡ್‌ನ ಹಿಡಿಕೆಯಿಂದ ಟ್ರೈಪಾಡನ್ನು ನೇತುಹಾಕಿದರೆ ಹಿಡಿಕೆಯ ಬುಡ ಸಡಿಲವಾಗುತ್ತದೆ.

ಮಡಚುವಾಗ ಹೆಡ್, ಲಾಕ್ ಹೇಗಿರಬೇಕು?

ಲಾಕುಗಳನ್ನು ಪೂರ್ತಿ ಬಿಗಿ ಮಾಡಿ ತಿಂಗಳುಗಟ್ಟಲೆ ಇಡಬೇಡಿ, ಪೂರ್ತಿ ಸಡಿಲವೂ ಬೇಡ. ಬಿಗಿ ಮಾಡಿದರೆ ಒಳಗಿನ ಪ್ಲಾಸ್ಟಿಕ್ ಚಿಪ್ಪು ಒತ್ತಿಕೊಂಡೇ ಇರುತ್ತದೆ. ಸಡಿಲ ಬಿಟ್ಟರೆ ಸಂದಿಯಿಂದ ಧೂಳು. ಕಾಲು ತಾನಾಗಿ ಜಾರದಷ್ಟು ಬಿಗಿ ಇದ್ದರೆ ಸಾಕು. ನಡುವಿನ ಕಂಬ ಪೂರ್ತಿ ಕೆಳಗೆ ಇಳಿದಿರಲಿ.

ಗುಂಡಿನ ಮೇಲೆ ಎತ್ತ ಬೇಕಾದರೂ ತಿರುಗುವ ಬಾಲ್ ಹೆಡ್‌ಗೂ ಇದೇ ಮಾತು. ಗುಂಡನ್ನು ಒಣ ಬಟ್ಟೆಯಿಂದ ಒರೆಸಿ, ಎಣ್ಣೆ ಹಾಕಬೇಡಿ. ಹಾಕಿದರೆ ಕ್ಯಾಮೆರಾ ಕೂರಿಸಿದಾಗ ಮೆಲ್ಲಗೆ ತಲೆ ಬಾಗುತ್ತದೆ. ಕ್ಯಾಮೆರಾವನ್ನು ನುಣುಪಾಗಿ ತಿರುಗಿಸುವ, ವಿಡಿಯೋದವರ ಫ್ಲೂಯಿಡ್ ಹೆಡ್ ಆದರೆ ತಿರುಗುವಾಗಿನ ಎಳೆತ ಕನಿಷ್ಠಕ್ಕೆ ತನ್ನಿ, ಸ್ಪ್ರಿಂಗ್ ಒತ್ತಡ ಸೊನ್ನೆಗೆ ಇಳಿಸಿ, ಲಾಕ್ ಬಿಡಿ, ಹಿಡಿಕೆ ಬಿಚ್ಚಿ ಕಾಲಿಗೆ ಸೇರಿಸಿ ಕಟ್ಟಿ. ಹೆಡ್ ಬಿಚ್ಚಿ ಇಡಬೇಕಾ ಅಂತ ಕೇಳುತ್ತಾರೆ. ತಿಂಗಳೊಪ್ಪತ್ತಿಗೆ ಬೇಡ. ಆಷಾಢದಂಥ ಉದ್ದ ಬಿಡುವಿಗೆ ಬಿಚ್ಚಿಡುವುದು ಒಳ್ಳೆಯದು, ಯಾಕೆಂದರೆ ಹೆಡ್ ಕೂರುವ 3/8 ಇಂಚಿನ ಸ್ಕ್ರೂ ಸುತ್ತ ಸೇರಿದ ಮಣ್ಣು ಆಗಲೇ ಕಣ್ಣಿಗೆ ಬೀಳುತ್ತದೆ.

ಕ್ಯಾಮೆರಾದ ಅಡಿಗೆ ಬಿಗಿದು ಹೆಡ್‌ಗೆ ಕೂರಿಸುವ ಪ್ಲೇಟನ್ನು ಕ್ಯಾಮೆರಾಕ್ಕೆ ಹಾಗೇ ಬಿಡಬೇಡಿ, ಟ್ರೈಪಾಡಿನ ಹೆಡ್‌ಗೇ ಸಿಕ್ಕಿಸಿ ಇಡಿ. ಬೀದರ್ ಅಷ್ಟೂರಿನ ಗುಮ್ಮಟಗಳ ಮುಂದೆ ಸೂರ್ಯ ಹುಟ್ಟುವ ಹೊತ್ತಿಗೆ ನಿಂತು, ಪ್ಲೇಟ್ ಮನೆಯಲ್ಲಿ ಬಿಟ್ಟು ಬಂದಿದ್ದೇನೆ ಅಂತ ಗೊತ್ತಾದಾಗಿನ ಸಂಕಟ ನನಗೆ ಗೊತ್ತು. ಅಂದ ಹಾಗೆ, ಪುರಾತತ್ವ ಇಲಾಖೆಯ ಸ್ಮಾರಕಗಳ ಒಳಗೆ ಟ್ರೈಪಾಡ್ ಬಳಸಲು ಅನುಮತಿ ಬೇಕು. ಕಲಬುರಗಿ ಕೋಟೆಯ 1367ರ ಜಾಮಿ ಮಸೀದಿಯಾಗಲಿ, ಬೀದರಿನ ಮಹಮೂದ್ ಗವಾನ್ ಮದರಸಾ ಆಗಲಿ, ಹೋಗುವ ಮೊದಲೇ ಕೇಳಿಕೊಳ್ಳಿ.

ಕಾಲುಗಳನ್ನು ಒಟ್ಟಿಗೆ ಕಟ್ಟಲು ರಬ್ಬರ್ ಬ್ಯಾಂಡ್ ಬಳಸಬೇಡಿ. ಒಂದು ಬೇಸಿಗೆಗೆ ಕರಗಿ ಬೆಲ್ಲದ ಪಾಕದ ಹಾಗೆ ಹಿಡಿದುಕೊಳ್ಳುತ್ತದೆ. ಬಟ್ಟೆಯ ಲಾಡಿ ಸಾಕು.

ಯಾರಿಗೆ ಯಾವುದು?

ಕಲಬುರಗಿಯಲ್ಲಿ ರೂಮ್ ಮಾಡಿಕೊಂಡು ಓದುವ ವಿದ್ಯಾರ್ಥಿಗೆ ಪೈಪು, ಮಂಚದ ಕೆಳಗೆ. ರೂಮ್ ಬದಲಾಯಿಸುವಾಗಲೂ ಹಾಗೇ ಎತ್ತಿಕೊಂಡು ಹೋಗಬಹುದು. ಮದುವೆ ಕೆಲಸದವರಿಗೆ ಪ್ಯಾಡ್ ಚೀಲ, ಸ್ಟುಡಿಯೋದ ಒಳಗೋಡೆಯ ಹತ್ತಿರ ಒಂದು ಅಡ್ಡ ಹಲಗೆ. ನಾಲ್ಕು ಟ್ರೈಪಾಡ್ ಇದ್ದರೆ ನಾಲ್ಕನ್ನೂ ಮಲಗಿಸಿ ಇಡಿ, ಒಂದರ ಮೇಲೊಂದು ಬೇಡ. ಆಷಾಢದಲ್ಲಿ ಮದುವೆ ಇಲ್ಲ, ಹೊರಗೆ ಮಳೆ. ಅದೇ ನಿಮಗೆ ಬಿಚ್ಚಿ ತೊಳೆಯುವ ಕಾಲ. ಹಳ್ಳಿಯಲ್ಲಿದ್ದು, ರಾಶಿಯ ಹೊತ್ತಿನಲ್ಲಿ ಮನೆ ತುಂಬ ತೊಗರಿ ಚೀಲ ಇರುವವರಿಗೆ ಟ್ರಂಕು. ಕಾಳು ಇದ್ದಲ್ಲಿ ಇಲಿ ಇದ್ದೇ ಇರುತ್ತದೆ. ಊರಿನ ಮನೆಯಲ್ಲಿ ನೆಲೆಯಾಗಿದ್ದು, ವಾರಕ್ಕೋ ಹದಿನೈದು ದಿನಕ್ಕೋ ಹೊರಗೆ ಹೋಗುವ ನನ್ನಂಥವರಿಗೆ ಕೌದಿ ಚೀಲ, ಎರಡು ಗೂಟ. ಕಾರ್ಬನ್ ಫೈಬರ್ ಕೊಂಡವರು ಚೀಲ ಯಾವುದೇ ಆರಿಸಿ, ಡಿಕ್ಕಿ ಮಾತ್ರ ಬೇಡ.

ಬಳಸದಿದ್ದರೂ ತಿಂಗಳಿಗೊಮ್ಮೆ ತೆಗೆದು, ಮೂರೂ ಕಾಲು ಎಳೆದು, ಮಡಚಿ ಇಡಿ. ನಾನು ಅಮಾವಾಸ್ಯೆ ದಿನ ಮಾಡುತ್ತೇನೆ, ಅವತ್ತು ಮನೆಯಲ್ಲಿ ಗಾಡಿ ತೊಳೆದು ಪೂಜೆ ಮಾಡುವುದರಿಂದ ನೆನಪಿರುತ್ತದೆ. ಸನ್ನತಿಯ ಮರಳು ಹೊಕ್ಕಿದ್ದ ಆ ಟ್ರೈಪಾಡ್ ಈಗಲೂ ಇದೆ. ಹಿಡಿದುಕೊಂಡಿದ್ದ ಕಾಲನ್ನು ಒಂದು ಮಧ್ಯಾಹ್ನ ಪೂರ್ತಿ ಕೂತು ಬಿಡಿಸಿದೆ. ಕೊಳವೆಯ ಮೇಲೆ ಸುತ್ತ ಒಂದು ಗೀರು ಉಳಿದಿದೆ, ಆ ಜಾಗಕ್ಕೆ ಬಂದಾಗ ಕಾಲು ಸ್ವಲ್ಪ ತಡೆಯುತ್ತದೆ. ಅಲ್ಲಿಂದ ಮುಂದೆ ಸದ್ದಿಲ್ಲದೆ ಜಾರುತ್ತದೆ.